ಹದಿನೈದನೆಯ ಕಾಲಂ

ಜುಲೈ ಹನ್ನೆರಡು, ಶನಿವಾರ. ಬೆಳಿಗ್ಗೆ ಆರು ಇಪ್ಪತ್ತಕ್ಕೆ, ಪತ್ರಿಕೆಗೆಂದು ಇದನ್ನು ಬರೆಯಲು ಕೂತೆ.

ನಮ್ಮ ಕಚೇರಿಯ ಸಾರ್ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಂಗುರದ ಬೆರಳು ಮತ್ತು ಕಿರುಬೆರಳು. ಕಾಫಿ ಲೋಟ ಹಿಡಿದಾಗ ಆ ಎರಡೂ ಲೋಟಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ನೆಟ್ಟಗೆ ನಿಂತಿರುತ್ತಿದ್ದವು. ಉಗುರು ಇರಲಿಲ್ಲ, ಉಗುರಿದ್ದ ಜಾಗದಲ್ಲಿ ಸುಟ್ಟು ಮಾಸಿದಂಥ ಹೊಳಪಿನ ಚರ್ಮ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಅದನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿದ್ದು, ಕೇಳುವ ಮೊದಲೇ ಹೇಳಿದರು.

ಅವರು ಬ್ಯಾಂಕಿನಲ್ಲಿ ಸಾಲದ ತಪಾಸಣೆ ಮಾಡುವ ಅಧಿಕಾರಿಯಾಗಿದ್ದ ಕಾಲ. ಚರ್ಮ ಹದ ಮಾಡುವ ಒಂದು ಕಾರ್ಖಾನೆಗೆ ಕೊಳಕು ನೀರನ್ನು ಶುದ್ಧ ಮಾಡುವ ತೊಟ್ಟಿ ಕಟ್ಟಿಸಲೆಂದು ಕಡಿಮೆ ಬಡ್ಡಿಯ ಸಾಲ ಹೋಗಿತ್ತು. ಕಾಗದದಲ್ಲಿ ತೊಟ್ಟಿ ಕಟ್ಟಿ ಮುಗಿದಿತ್ತು. ಇವರು ನೋಡಲು ಹೋದರು. ತೊಟ್ಟಿ ಇರಬೇಕಾದ ಶೆಡ್ಡಿನ ಶಟರ್ ಅರ್ಧ ತೆರೆದಿತ್ತು. ಬಗ್ಗಿ ನೋಡಿದರೆ ಒಳಗೆ ಒಣಹುಲ್ಲು ಮತ್ತು ನಾಲ್ಕು ಆಡು. ಏಳಲೆಂದು ಎಡಗೈಯನ್ನು ನೆಲಕ್ಕೆ ಊರಿದಾಗ ಯಾರೋ ಶಟರ್ ಎಳೆದರು. ಕಬ್ಬಿಣದ ಅಂಚು ಬೆರಳುಗಳ ಮೇಲೆ ಬಿತ್ತು. ಮೇಲೆ ಎತ್ತಿದರು. ಮತ್ತೆ ಎಳೆದರು.

"ಶಟರ್ ಎರಡು ಸಲ ಬಿತ್ತವಾ," ಎಂದರು. "ಮೊದಲನೇದು ಕೈತಪ್ಪು ಅನ್ನಬಹುದು. ಎರಡನೇದು ಉತ್ತರ."

ವರದಿಯನ್ನು ಅವತ್ತೇ ಬಲಗೈಯಲ್ಲಿ ಬರೆದರಂತೆ. ತೊಟ್ಟಿ: ಇಲ್ಲ. ಆಡು: ನಾಲ್ಕು. ಬೆರಳಿನ ಸಂಗತಿಯನ್ನು ವರದಿಯಲ್ಲಿ ಹಾಕಲಿಲ್ಲ, ಅದನ್ನು ಯಾರೂ ಕೇಳಿರಲಿಲ್ಲ ಎಂದು ನಕ್ಕರು.

ಅವರ ತಂದೆ ಹುಬ್ಬಳ್ಳಿ ಕಡೆಯಿಂದ ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಬಂದವರು. ಇವರು ಅಲ್ಲೇ ಹುಟ್ಟಿ, ತಮಿಳು ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿ, ನಿವೃತ್ತರಾಗಿ, ಆಮೇಲೆ ನುಂಗಂಬಾಕ್ಕಂನ ನಮ್ಮ ಸಣ್ಣ ಕಚೇರಿಗೆ ಸಲಹೆಗಾರರಾಗಿ ಬಂದಿದ್ದರು. ಒಂದು ಇಡೀ ಆಯುಷ್ಯ ಚೆನ್ನೈಯಲ್ಲಿ ಕಳೆದರೂ ಮನೆಯ ಕನ್ನಡ ಹುಬ್ಬಳ್ಳಿಯದೇ. ಸಿಟ್ಟು ಬಂದಾಗ ಮಾತ್ರ ಪೆರಂಬೂರಿನ ತಮಿಳು. ಕಚೇರಿಯವರೆಲ್ಲ ಇನ್‌ಸ್ಪೆಕ್ಷನ್ ಸಾರ್ ಎನ್ನುತ್ತಿದ್ದರು. ನನಗೆ ಬರೀ ಸಾರ್.

ನಮ್ಮದು ಉಡುಪಿ ಕಡೆ. ಅಪ್ಪ ಕೀಲ್ಪಾಕ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಾರೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತ ಬೆಳೆದವಳು ನಾನು. ಕನ್ನಡ ಅಕ್ಷರ ಬರುತ್ತಿತ್ತು, ಬಳಸುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ದಿನಚರಿ ಇಡುತ್ತಿದ್ದೇನೆ, ದಿನಾಂಕ, ಗಂಟೆ, ಎಣಿಕೆ ಎಲ್ಲ ಹಾಕಿ. ಅದೂ ಇಂಗ್ಲಿಷಿನಲ್ಲಿ ಇತ್ತು. ಅದನ್ನು ಕನ್ನಡಕ್ಕೆ ತಿರುಗಿಸಿದವರು ಸಾರ್.

ನಮ್ಮ ಕೆಲಸ ಏನೆಂದು ಹೇಳಬೇಕು. ಪರಿಸರಕ್ಕೆ ಒಳ್ಳೆಯದಾಗುವ ಕೆಲಸಕ್ಕೆ ಮಾತ್ರ ಬಳಸುತ್ತೇವೆ ಎಂದು ಮಾತು ಕೊಟ್ಟು ಎತ್ತುವ ಸಾಲಕ್ಕೆ ಹಸಿರು ಬಾಂಡ್ ಎನ್ನುತ್ತಾರೆ. ಯಾವುದು ಒಳ್ಳೆಯದು, ಅದನ್ನು ಯಾರು ನೋಡಿ ಹೇಳಬೇಕು ಎಂಬುದರಲ್ಲಿ ಒಂದೊಂದು ದೇಶದ್ದು ಒಂದೊಂದು ರೀತಿ. ಆ ರೀತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ನಮ್ಮ ಕಚೇರಿಯ ಕಸುಬು. ಅಡ್ಡ ಸಾಲುಗಳಲ್ಲಿ ಹನ್ನೊಂದು ದೇಶ, ಪ್ರತಿ ದೇಶದಿಂದ ಮಾದರಿಗೆ ಒಂದು ಯೋಜನೆ. ಮೇಲಿಂದ ಕೆಳಗೆ ಹದಿನಾಲ್ಕು ಕಾಲಂ, ಅಂದರೆ ಹದಿನಾಲ್ಕು ಪ್ರಶ್ನೆ. ನಾನು ಚೌಕಗಳನ್ನು ತುಂಬುವವಳು. ಸಾರ್ ಅವನ್ನು ಒಡೆಯುವವರು.

ದಿನಾ ಸಂಜೆ ಐದೂವರೆಗೆ ಅವರ ಮೇಜಿನ ಮುಂದೆ ನಿಂತು, ಅಂದು ತುಂಬಿದ್ದನ್ನು ಕನ್ನಡದಲ್ಲಿ ಹೇಳಬೇಕಿತ್ತು. "ನಿಮ್ಮವ್ವಗ ತಿಳಿಯೋ ಹಂಗ ಹೇಳು," ಎನ್ನುತ್ತಿದ್ದರು. "ಇಂಗ್ಲಿಷ್‌ನಾಗ ಸುಳ್ಳು ಕೋಟು ಹಾಕ್ಕೊಂಡು ಬರ್ತೈತಿ. ಕನ್ನಡದಾಗ ಬರಿಮೈಲೆ ಬರ್ತೈತಿ, ಗುರ್ತು ಹಿಡಿಬಹುದು." ನಾನು ತಡವರಿಸಿದರೆ ಅವರೇ ಹೇಳಿಕೊಡುತ್ತಿದ್ದರು. ಯುರೋಪಿನವರ ನಿಯಮ: ಒಂದು ಗಿಡ ಹಚ್ಚಾಕ ಇನ್ನೊಂದು ಗಿಡ ಕಡಿಬ್ಯಾಡ ಅಂತಾರ. ಚೀನಾ: ಮೊದಲು ಕಲ್ಲಿದ್ದಲಿಗೂ ಹಸಿರು ಬಣ್ಣ ಹಚ್ಚಿದ್ರು, ಆಮ್ಯಾಲ ತಾವ ತೊಳದ್ರು. ಜಪಾನ್: ಹಸಿರಾಗಿಲ್ಲ, ಹಸಿರಿನ ಕಡೆ ಹೊಂಟೇವಿ ಅನ್ನೋರಿಗೂ ಒಂದು ಹೆಸರು ಇಟ್ಟಾರ. ಫ್ರಾನ್ಸ್: ರೊಕ್ಕ ಖರ್ಚಾದ ಮ್ಯಾಲ ಉಪಯೋಗ ಆತೋ ಇಲ್ಲೋ ಅಂತ ಹೊರಗಿನವ್ರು ಕುಂತು ನೋಡ್ತಾರ. ನಾನು ಇವನ್ನೆಲ್ಲ ಹಾಗೇ ದಿನಚರಿಗೆ ಇಳಿಸಿಕೊಂಡೆ. ನನ್ನ ಕನ್ನಡ ಗದ್ಯ ಶುರುವಾದದ್ದು ಹಾಗೆ. ನಾನು "ಉಂಟು" ಅಂದಾಗಲೆಲ್ಲ ಅವರು, ಏನು ಉಂಟೋ ತಟ್ಟೆಗೆ ಹಾಕು ಎಂದು ಛೇಡಿಸುತ್ತಿದ್ದರು.

ಸಾಧು ಮನುಷ್ಯರಾಗಿರಲಿಲ್ಲ. ಸೇರಿದ ಎರಡನೆಯ ತಿಂಗಳು ನಾನು ಒಂದು ಕಂಪನಿಯ ಕರಪತ್ರದ ಸಾಲನ್ನು ಹಾಗೇ ಚೌಕಕ್ಕೆ ಇಳಿಸಿದ್ದೆ. ಕಾಗದಕ್ಕೆ ತೂತು ಹಾಕುವ ಕಬ್ಬಿಣದ ಪಂಚಿಂಗ್ ಯಂತ್ರ ಎತ್ತಿ ಮೇಜಿಗೆ ಅಪ್ಪಳಿಸಿದರು. ಮೇಜಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಒಂದು ಚೂರು ನನ್ನ ಗಲ್ಲಕ್ಕೆ ಬಡಿದು ರಕ್ತ ಬಂತು. ಕ್ಷಮೆ ಕೇಳಲಿಲ್ಲ. ಮರುದಿನ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತಂದು ನನ್ನ ಕಂಪ್ಯೂಟರಿನ ಪಕ್ಕ ಇಟ್ಟು ಹೋದರು. ಒಡೆದ ಗಾಜನ್ನು ಬದಲಾಯಿಸಲು ಬಿಡಲಿಲ್ಲ. ಆ ಸೀಳಿನ ಮೇಲೆಯೇ ಲೋಟ ಇಟ್ಟು ಕಾಫಿ ಕುಡಿಯುತ್ತಿದ್ದರು.

ಮತ್ತೆ ತಪಾಸಣೆಗಳು. ಕಾಗದ ಓದಿ ಮುಗಿಸಿದ ಮೇಲೆ ಹೋಗಿ ನೋಡದೆ ಅವರು ಬಿಡುತ್ತಿರಲಿಲ್ಲ. ಹೊರದೇಶಕ್ಕೆ ಹೋಗಲಾಗುತ್ತಿರಲಿಲ್ಲ; ಅಲ್ಲಿ ಇರುವ ಯಾರಿಗಾದರೂ ಬರೆದು ಕೇಳುತ್ತಿದ್ದರು. ನಮ್ಮ ಸುತ್ತಿನ ಯೋಜನೆಗಳಾದರೆ ನಾವೇ ಹೋಗುತ್ತಿದ್ದೆವು. ಹತ್ತೊಂಬತ್ತು ತಿಂಗಳಲ್ಲಿ ಅವರ ಜೊತೆ ಇಪ್ಪತ್ಮೂರು ಜಾಗ ನೋಡಿದ್ದೇನೆ. ನಮ್ಮ ಮೇಲೆ ನಾಯಿ ಬಿಟ್ಟದ್ದು ನಾಲ್ಕು ಸಲ. ಕಲ್ಲು ಎಸೆದದ್ದು ಎರಡು. ಅವರ ಕೊರಳಪಟ್ಟಿ ಹಿಡಿದದ್ದು ಮೂರು. ಕೂರಿಸಿ ಕಾಫಿ ಕೊಟ್ಟದ್ದು ಐದು. ಆ ಐದರಲ್ಲೂ ಹುಳುಕು ಸಿಕ್ಕಿತು.

ಕೊರಳಪಟ್ಟಿಯ ಮೂರರಲ್ಲಿ ಒಂದು ಸೌರವಿದ್ಯುತ್ ಹಲಗೆಗಳ ಬಯಲಿನಲ್ಲಿ. ಬೇಲಿಯ ಹೊರಗೆ ಹತ್ತಾರು ಕುರಿ ನಿಂತಿದ್ದವು, ಒಳಗಿನ ಹುಲ್ಲು ನೋಡುತ್ತ. ಸಾರ್ ಕಾವಲುಗಾರನನ್ನು ಕೇಳಿದರು, ಈ ಬಯಲಿನಲ್ಲಿ ಮೊದಲು ಯಾರು ಕುರಿ ಮೇಯಿಸುತ್ತಿದ್ದರು ಎಂದು. ಅವನು ಹೋಗೆಂದ. ಮತ್ತೆ ಕೇಳಿದರು. ಅವನು ಕೊರಳಪಟ್ಟಿ ಹಿಡಿದು ಮುಳ್ಳುತಂತಿಗೆ ದೂಡಿದ. ಬೆನ್ನಿನ ಅಂಗಿ ಹರಿದು, ಚರ್ಮ ಮೂರು ಗೆರೆಯಾಗಿ ಸೀಳಿತು. ಹೆದ್ದಾರಿಯ ಚಹಾ ಅಂಗಡಿಯಲ್ಲಿ ಅಂಗಿ ಬಿಚ್ಚಿ ಕೂತಿದ್ದರು, ಅಂಗಡಿಯವಳು ಅರಿಸಿನ ಮೆತ್ತುತ್ತಿದ್ದಳು. ಹಲ್ಲು ಕಚ್ಚಿಕೊಂಡೇ ನನಗೆ ಹೇಳಿದರು: "ಇನ್ನೊಂದು ಕಾಲಂ ಹಾಕು. ಹದಿನೈದನೇದು. ಅಲ್ಲಿ ಮೊದಲ ಯಾರಿದ್ರು?"

ಹೀಗೆ ನೇರವಾಗಿ ಕೇಳುವ ಪ್ರಶ್ನೆ ನಾವು ನೋಡಿದ ಯಾವ ದೇಶದ ಅರ್ಜಿಯಲ್ಲೂ ಇರಲಿಲ್ಲ. ಜನರಿಗೆ ಹಾನಿಯಾಗಬಾರದು ಎಂದು ಕೆಲವರು ಬರೆದಿದ್ದರು. ಯಾರಿದ್ದರು, ಎಷ್ಟು ಮನೆ, ಈಗ ಎಲ್ಲಿದ್ದಾರೆ ಎಂದು ಕೇಳಿದವರಿಲ್ಲ. ನಮ್ಮ ಮುಖ್ಯಸ್ಥರಿಗೆ ಈ ಕಾಲಂ ಹಿಡಿಸಲಿಲ್ಲ. ಅವರು ಸಾರ್‌ಗಿಂತ ಇಪ್ಪತ್ತು ವರ್ಷ ಚಿಕ್ಕವರು, ಅಚ್ಚುಕಟ್ಟಿನ ಮನುಷ್ಯ. ಬೇರೆ ಯಾರೂ ಕೇಳದ್ದನ್ನು ನಾವು ಕೇಳಿದರೆ ಹೋಲಿಸುವುದು ಯಾವುದರ ಜೊತೆ ಎಂಬುದು ಅವರ ತಕರಾರು. ಸಾರ್ ಪಂಚಿಂಗ್ ಯಂತ್ರದ ಮೇಲೆ ಕೈಯಿಟ್ಟರು. ಕಾಲಂ ಉಳಿಯಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ದೇಶದ ಮಾದರಿಗೆ ಹಿಡಿದಿದ್ದು ಚೆನ್ನೈಯ ಉತ್ತರದ ಒಂದು ಕಾಲುವೆ. ಪ್ರಕರಣ ನಡೆಯುತ್ತಿರುವುದರಿಂದ ಹೆಸರು ಹಾಕುವುದಿಲ್ಲ. ಹೂಳು ತೆಗೆದು, ದಂಡೆ ಕಟ್ಟಿ, ಗಿಡ ನೆಟ್ಟು, ನಡೆದಾಡಲು ದಾರಿ ಮಾಡುವ ಯೋಜನೆ. ಹಸಿರು ಬಾಂಡಿನ ದುಡ್ಡು. ಸಾರ್ ಹೆಂಡತಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿ, ಅವರು ಫೆಬ್ರವರಿಯ ಮೊದಲ ಮೂರು ವಾರ ರಜೆಯಲ್ಲಿದ್ದರು. ಅವರು ಬಂದ ಮೇಲೆ ಕಾಲುವೆಗೆ ಹೋಗುವುದೆಂದಿತ್ತು. ಆದರೆ ವರದಿ ಹದಿನಾಲ್ಕಕ್ಕೆ ಹೊರಡಬೇಕಿತ್ತು.

ಫೆಬ್ರವರಿ ಹನ್ನೊಂದು, ಸಂಜೆ ನಾಲ್ಕು ಹತ್ತು. ಎಲ್ಲ ಚೌಕ ತುಂಬಿತ್ತು, ಒಂದು ಬಿಟ್ಟು. ಕಾಲುವೆಯ ಸಾಲಿನ ಹದಿನೈದನೆಯ ಚೌಕ. ಯೋಜನೆಯ ಇನ್ನೂರು ಪುಟದ ದಾಖಲೆಯಲ್ಲಿ ದಂಡೆಯ ಮೇಲೆ ಯಾರಿದ್ದಾರೆ ಎಂಬ ಮಾತೇ ಇರಲಿಲ್ಲ. ಚೌಕ ಖಾಲಿ ಇದ್ದರೆ ನಕ್ಷೆ ಬಿಡಿಸುವ ತಂತ್ರಾಂಶ ಆ ಇಡೀ ಸಾಲನ್ನೇ ಬಿಟ್ಟುಬಿಡುತ್ತಿತ್ತು. ಹನ್ನೊಂದು ದೇಶದ ನಕ್ಷೆಯಲ್ಲಿ ಹತ್ತು ಬಣ್ಣ, ನಮ್ಮ ದೇಶ ಬಿಳಿ. ಮೂರು ಸಲ ಪ್ರಯತ್ನಿಸಿದೆ. ನಾಲ್ಕನೆಯ ಸಲ ಖಾಲಿ ಚೌಕದಲ್ಲಿ ಸೊನ್ನೆ ಒತ್ತಿದೆ. ನಮ್ಮ ದೇಶ ಕಡುಹಸಿರಾಯಿತು. ಅಂದು ಐದೂವರೆಗೆ ಯಾರ ಮುಂದೆಯೂ ನಿಂತು ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ. ಹೇಳಿದ್ದರೆ, ಅಲ್ಲಿ ಯಾರೂ ಇಲ್ಲ ಎಂಬ ಮಾತು ನನ್ನ ಬಾಯಿಂದಲೇ ಬಂದಿರುತ್ತಿತ್ತು, ಮತ್ತು ಯಾರು ನೋಡಿದ್ದು ಎಂಬ ಪ್ರಶ್ನೆ ಅದರ ಹಿಂದೆಯೇ.

ಎಬ್ಬಿಸಬೇಕಾದ ಮನೆ ಕಡಿಮೆಯಾದಷ್ಟೂ ಅಂಕ ಹೆಚ್ಚು. ಆ ಸೊನ್ನೆಯಿಂದ ಕಾಲುವೆ ಯೋಜನೆ ಹನ್ನೊಂದರಲ್ಲಿ ಮೊದಲನೆಯದಾಯಿತು. ಮುಖ್ಯಸ್ಥರು ಕಚೇರಿಗೆ ಸಿಹಿ ತರಿಸಿದರು. ಯೋಜನೆಯವರು ವರದಿಯ ಪ್ರತಿಗಳನ್ನು ಕೇಳಿ ಪಡೆದರು.

ಸಾರ್ ಮರಳಿದ್ದು ಫೆಬ್ರವರಿ ಇಪ್ಪತ್ನಾಲ್ಕು, ಸೋಮವಾರ. ವರದಿ ತಿರುವುತ್ತ ಆ ಪುಟಕ್ಕೆ ಬಂದರು. ನಾನು ಪಂಚಿಂಗ್ ಯಂತ್ರವನ್ನು ನೋಡುತ್ತಿದ್ದೆ. ಅವರು ಅದನ್ನು ಮುಟ್ಟಲಿಲ್ಲ.

"ಹೋಗಿ ನೋಡಿದೇನು?" ಎಂದರು.

"ಇಲ್ಲ ಸಾರ್. ದಾಖಲೆಯಲ್ಲಿ ಯಾರೂ ಇರಲಿಲ್ಲ."

"ದಾಖಲೆದಾಗ ಇರಲಿಲ್ಲ ಅಂದ್ರ ಖಾಲಿ ಬಿಡಬೇಕು. ಖಾಲಿ ಅಂದ್ರ ನನಗ ಗೊತ್ತಿಲ್ಲ ಅಂತ. ಸೊನ್ನಿ ಅಂದ್ರ ನಾ ಹೋಗಿ ಎಣಿಸೇನಿ, ಒಬ್ರೂ ಇಲ್ಲ ಅಂತ. ನೀ ಸಾಕ್ಷಿ ಹೇಳೀಯವಾ. ಸುಳ್ಳು ಸಾಕ್ಷಿ."

ದನಿ ಏರಲಿಲ್ಲ. ಗಾಜು ಒಡೆದ ದಿನಕ್ಕಿಂತ ನಾನು ಹೆಚ್ಚು ಹೆದರಿದ್ದು ಆಗ.

ಮರುದಿನ ಬೆಳಿಗ್ಗೆ ಇಬ್ಬರೂ ಕಾಲುವೆಗೆ ಹೋದೆವು. ಬಾಗಿಲು ಮುಟ್ಟದೆ ಎಣಿಸಬಾರದು ಎಂಬುದು ಅವರ ನಿಯಮ. ತಗಡಾಗಲಿ, ಗೋಣಿಯ ಪರದೆಯಾಗಲಿ, ಕೈಯಿಂದ ಮುಟ್ಟಿ, ಒಳಗಿನವರ ಹೆಸರು ಕೇಳಿ, ಆಮೇಲೆ ಒಂದು ಗೀಟು. ನಾಲ್ಕು ಗೀಟಿಗೆ ಒಂದು ಅಡ್ಡ. ಮೂವತ್ತನೆಯ ಬಾಗಿಲಲ್ಲಿ ಇಡ್ಲಿ ಮಾರುವ ಹೆಂಗಸು. ಅವಳನ್ನು ಇಡ್ಲಿ ಅಕ್ಕ ಎನ್ನುತ್ತೇನೆ. ಜನಗಣತಿಯಾ ತಾತಾ, ಬಂಗಲೆ ಅಂತ ಬರೆದುಕೋ, ಲಿಫ್ಟ್ ಮಾತ್ರ ಕೆಟ್ಟಿದೆ ಎಂದು ತಮಿಳಿನಲ್ಲಿ ಕೆಣಕಿದಳು. ಲಿಫ್ಟ್ ತೋರಿಸಿದರೆ ಅದನ್ನೂ ಬರೆಯುತ್ತೇನೆ ಎಂದು ಸಾರ್ ಅದೇ ಧಾಟಿಯಲ್ಲಿ ಉತ್ತರಿಸಿದರು. ಅವಳು ಎಲೆಯಲ್ಲಿ ಇಡ್ಲಿ ಹಾಕಿಕೊಟ್ಟು, ಯಾಕೆ ಎಣಿಸುತ್ತೀರಿ ಎಂದು ಕೇಳಿದಳು. ಸಾರ್ ನನ್ನ ಕಡೆ ನೋಡಿದರು. ನಾನು ಹೇಳಬೇಕಾಯಿತು: ಇಲ್ಲಿ ಯಾರೂ ಇಲ್ಲ ಎಂದು ನಾನೇ ಬರೆದಿದ್ದೇನೆ ಎಂದು. ಅವಳು ನಗಲಿಲ್ಲ. ನನ್ನ ಕೈಹಿಡಿದು ತನ್ನ ತೋಳನ್ನು ಮುಟ್ಟಿಸಿದಳು, ಜೋರಾಗಿ ಒತ್ತಿ, ನೋವಾಗುವಷ್ಟು. ಇದನ್ನು ಬರೆ ಎಂದಳು.

ಒಟ್ಟು ಅರವತ್ನಾಲ್ಕು ಬಾಗಿಲು.

ತಿದ್ದುಪಡಿಯನ್ನು ಮುಂದಿನ ಆವೃತ್ತಿಯಲ್ಲಿ ಹಾಕೋಣ ಎಂದರು ಮುಖ್ಯಸ್ಥರು. ಆ ಆವೃತ್ತಿ ಬರುವಷ್ಟರಲ್ಲಿ ಬಾಗಿಲು ಉಳಿಯುವುದಿಲ್ಲ ಎಂದು ಸಾರ್ ವಾದಿಸಿ ಸೋತು, ಫೆಬ್ರವರಿ ಇಪ್ಪತ್ತೆಂಟರಂದು ತಾವೇ ಪತ್ರ ಬರೆದರು. ಒಂದು ಪ್ರತಿ ಯೋಜನೆಯವರಿಗೆ, ಒಂದು ಬಾಂಡ್ ಕೊಂಡ ಹೊರದೇಶದವರಿಗೆ. ಜೊತೆಗೆ ನಮ್ಮ ಅರವತ್ನಾಲ್ಕು ಹೆಸರಿನ ಪಟ್ಟಿ. ಸೊನ್ನೆಯನ್ನು ಹಾಕಿದವನು ನಾನು ಎಂದು ಬರೆದಿದ್ದರು. ನಾನು ಬೇಡವೆಂದೆ, ಅದು ನನ್ನದು ಎಂದೆ.

"ನಿನ್ನ ಹೆಸರು ಹಾಕಿದ್ರ ನಿನ್ನ ಕೆಲಸ ಹೋಗ್ತೈತಿ," ಎಂದರು. "ನಂದು ಹಾಕಿದ್ರ ಏನು ಹೋಗ್ತೈತಿ? ಪಿಂಚಣಿ ಬ್ಯಾಂಕಿಂದು. ಸುಮ್ನ ಕುಂದ್ರು."

ನಾನು ಸುಮ್ಮನೆ ಕೂತೆ. ಇದನ್ನೂ ಬರೆದಿಡುತ್ತೇನೆ.

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಆರು ಐವತ್ತಕ್ಕೆ ಇಡ್ಲಿ ಅಕ್ಕನ ಫೋನು. ಮಾತಿಗಿಂತ ಹೆಚ್ಚು ಹಿಂದಿನ ಸದ್ದು ಕೇಳಿಸಿತು: ತಗಡು ಮುರಿಯುವುದು, ಹೆಂಗಸರ ಕೂಗು. ನಾನು ಸಾರ್‌ಗೆ ಫೋನು ಮಾಡಿ, ಆಟೋ ಹಿಡಿದು ತಲುಪಿದಾಗ ಏಳು ನಲವತ್ತು. ಪೆರಂಬೂರು ಹತ್ತಿರ, ಅವರು ನನಗಿಂತ ಮೊದಲೇ ಬಂದಿದ್ದರು.

ಎರಡು ಬುಲ್ಡೋಜರ್. ಗುತ್ತಿಗೆದಾರನ ಆಳುಗಳು ಇಪ್ಪತ್ತಕ್ಕೂ ಹೆಚ್ಚು, ಕೈಯಲ್ಲಿ ಕಬ್ಬಿಣದ ಸರಳು ಮತ್ತು ಬಿದಿರು. ಸೇತುವೆಯ ಮೇಲೆ ಪೊಲೀಸ್ ವ್ಯಾನು, ಅದರ ಪಕ್ಕ ನಾಲ್ವರು ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಯಾರಿಗೂ ನೋಟಿಸ್ ಬಂದಿರಲಿಲ್ಲ. ಇಲ್ಲದವರಿಗೆ ನೋಟಿಸ್ ಕೊಡುವುದು ಹೇಗೆ? ಒಂದರಿಂದ ಇಪ್ಪತ್ತೊಂಬತ್ತರವರೆಗಿನ ಬಾಗಿಲುಗಳು ಆಗಲೇ ನೆಲದಲ್ಲಿದ್ದವು. ಬಿದ್ದ ತಗಡುಗಳ ನಡುವಿನಿಂದ ಹದಿನೇಳನೆಯ ಮನೆಯ ಗಂಡಸನ್ನು ಕೂದಲು ಹಿಡಿದು ಎಳೆದರು. ಅವನ ಮೊಣಕಾಲ ಚರ್ಮ ಜಲ್ಲಿಯ ಮೇಲೆ ಉಳಿಯಿತು. ಇಪ್ಪತ್ನಾಲ್ಕನೆಯ ಮನೆಯ ಮುದುಕಿ ಮಂಚದ ಕಾಲು ಬಿಡದೆ ಹಿಡಿದಿದ್ದಳು. ಅವಳ ಮಣಿಕಟ್ಟಿಗೆ ಬಿದಿರಿನಲ್ಲಿ ಹೊಡೆದರು. ಬಿಟ್ಟಳು. ಯಂತ್ರದ ಹಲ್ಲು ಮಂಚವನ್ನು ಕಾಲುವೆಗೆ ತಳ್ಳಿತು.

ಸಾರ್ ಮೂವತ್ತನೆಯ ಬಾಗಿಲ ಮುಂದೆ ನಿಂತಿದ್ದರು. ಕೈಯಲ್ಲಿ ನಮ್ಮ ಪಟ್ಟಿ. ಮೇಸ್ತ್ರಿ ಎದುರಿಗೆ ಬಂದ. ಅವನ ಕೈಯಲ್ಲೂ ಒಂದು ಹಾಳೆ ಇತ್ತು. ದೂರದಿಂದಲೇ ಗುರುತು ಸಿಕ್ಕಿತು, ಕಡುಹಸಿರು ಬಣ್ಣದಿಂದ. ಅದು ನನ್ನ ನಕ್ಷೆಯ ಪುಟ, ಕೆಳಗೆ ಆ ಸೊನ್ನೆ.

ಮೇಸ್ತ್ರಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. "ಹಿರಿಯರೇ, ಇದರಲ್ಲಿ ಯಾರೂ ಇಲ್ಲ ಅಂತ ನಿಮ್ಮ ಆಫೀಸೇ ಬರೆದಿದೆ," ಎಂದು ತಮಿಳಿನಲ್ಲಿ ಹೇಳಿದ. "ಇಲ್ಲದವರಿಗೆ ನಾನು ಏನು ಮಾಡಿದರೆ ಏನು?"

ಸಾರ್ ಹಾಳೆಯನ್ನು ಕಿತ್ತುಕೊಂಡು ಅವನ ಕೆನ್ನೆಗೆ ಹೊಡೆದರು.

ಇದನ್ನು ಅವರ ನೆಂಟರು, ಗೆಳೆಯರು ಬರೆಯಬೇಡ ಎಂದಿದ್ದಾರೆ. ಮೊದಲ ಏಟು ಅವರದೇ. ನಾನು ಹದಿನೈದು ಅಡಿ ದೂರದಲ್ಲಿದ್ದೆ, ನೋಡಿದ್ದೇನೆ. ಎಡಗೈಯಲ್ಲಿ ಹೊಡೆದರು, ಆ ಮಡಚದ ಬೆರಳುಗಳ ಕೈಯಲ್ಲಿ. ಮೇಸ್ತ್ರಿಯ ತುಟಿ ಒಡೆಯಿತು.

ಆಮೇಲೆ ಮೂವರು ಮುಂದೆ ಬಂದರು. ಮೊದಲ ಸರಳು ಎತ್ತಿದ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಯಂತ್ರದ ಗದ್ದಲದಲ್ಲೂ ಕೇಳಿತು. ಎರಡನೆಯದು ಹೆಗಲಿಗೆ. ಮೂರು ಮತ್ತು ನಾಲ್ಕು ಬೆನ್ನಿಗೆ. ಐದಕ್ಕೆ ಮೊಣಕಾಲೂರಿದರು. ಆರನೆಯದು ಕಿವಿಯ ಮೇಲೆ. ಕನ್ನಡಕ ಹಾರಿ ಕೆಸರಿಗೆ ಬಿತ್ತು. ಏಳು, ಎಂಟು, ಒಂಬತ್ತು ಪಕ್ಕೆಗೆ. ಹತ್ತನೆಯದಕ್ಕೆ ಅವರು ನೆಲದಲ್ಲಿದ್ದರು, ಆದರೂ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಒತ್ತಿಹಿಡಿದಿದ್ದರು. ಹನ್ನೊಂದನೆಯದು ಮತ್ತೆ ತಲೆಗೆ.

ನಾನು ಎಣಿಸಿದೆ. ಓಡಿ ಹೋಗಿ ಅಡ್ಡ ಬೀಳಬಹುದಿತ್ತು, ಕೂಗಬಹುದಿತ್ತು, ಕಲ್ಲು ಎತ್ತಬಹುದಿತ್ತು. ನಿಂತಲ್ಲೇ ನಿಂತು ಎಣಿಸಿದೆ. ನನಗೆ ಬರುತ್ತಿದ್ದುದು ಅದೊಂದೇ.

ಹನ್ನೆರಡನೆಯ ಸಲಕ್ಕೆ ಸರಳು ಎತ್ತಿದವನ ಮುಖಕ್ಕೆ ಇಡ್ಲಿ ಅಕ್ಕ ಪಾತ್ರೆಯಿಂದ ಕುದಿಯುವ ಸಾಂಬಾರನ್ನು ಎರಚಿದಳು. ಅವನು ಕಿರುಚುತ್ತ ಕಾಲುವೆಯ ಕಡೆ ಓಡಿದ. ಇನ್ನೊಬ್ಬ ಅವಳ ಕೊರಳ ಬುಡಕ್ಕೆ ಹೊಡೆದ. ಅವಳು ಪಾತ್ರೆಯ ಮೇಲೆಯೇ ಬಿದ್ದಳು. ಆಗ ಹತ್ತಿರದ ಬುಲ್ಡೋಜರಿನ ಚಾಲಕ, ಮೀಸೆ ಬಿಳಿಯಾದ ಮನುಷ್ಯ, ಕೀಲಿ ತಿರುಗಿಸಿ ಯಂತ್ರ ಆರಿಸಿದ. ಕೆಳಗಿಳಿದ. ಕೀಲಿಯನ್ನು ಕಾಲುವೆಗೆ ಎಸೆದು, ಯಾರ ಮುಖವನ್ನೂ ನೋಡದೆ ನಡೆದುಹೋದ. ಇನ್ನೊಂದು ಯಂತ್ರವೂ ನಿಂತಿತು. ಆಗ ಸೇತುವೆಯ ಮೇಲಿನ ನಾಲ್ವರು ಕೊನೆಗೂ ತಿರುಗಿದರು. ಹೊಡೆದವರು ಅಷ್ಟರಲ್ಲಿ ಚದುರಿದ್ದರು.

ಸಾರ್ ಆಸ್ಪತ್ರೆಯಲ್ಲಿ ಒಂಬತ್ತು ದಿನ ಬದುಕಿದರು. ಆರನೆಯ ದಿನ, ಮಾರ್ಚ್ ಹದಿನೇಳು, ಬೆಳಿಗ್ಗೆ ಹತ್ತೂಕಾಲಿಗೆ ನನ್ನನ್ನು ಒಳಗೆ ಬಿಟ್ಟರು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಎಡಗೈಗೆ ಬ್ಯಾಂಡೇಜು, ಅದರ ತುದಿಯಲ್ಲಿ ಎರಡು ಬೆರಳು ಎಂದಿನಂತೆ ನೆಟ್ಟಗೆ.

"ಎಷ್ಟು?" ಎಂದರು.

ಬಾಗಿಲಿನ ಲೆಕ್ಕ ಕೇಳುತ್ತಿದ್ದಾರೆ ಎಂದುಕೊಂಡೆ. ಇಪ್ಪತ್ತೊಂಬತ್ತು ಬಿದ್ದಿದೆ, ಮೂವತ್ತೈದು ನಿಂತಿದೆ ಎಂದೆ.

"ಅದಲ್ಲ. ಏಟು."

"ಹನ್ನೊಂದು, ಸಾರ್."

ತಲೆ ಅಲ್ಲಾಡಿಸಲು ಆಗಲಿಲ್ಲ. ಕಣ್ಣಿನಲ್ಲೇ ಇಲ್ಲ ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದರು: "ಹನ್ನೆರಡು. ಮೊದಲನೇದು ನಂದು. ಅದನ್ನೂ ಬರಿ."

ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಾರ್ಚ್ ಇಪ್ಪತ್ತು, ಗುರುವಾರ, ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ತೀರಿಕೊಂಡರು.

ಹದಿಮೂರನೆಯ ಏಟು ನನಗೆ ಬಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಪೆರಂಬೂರಿನ ಮನೆಗೆ ಹೋಗಿದ್ದೆ. ಸಾರ್ ಹೆಂಡತಿ, ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ, ಬಾಗಿಲಲ್ಲೇ ನನ್ನ ಮಣಿಕಟ್ಟು ಹಿಡಿದುಕೊಂಡರು. "ಸೊನ್ನಿ ಬರದಾಕಿ ನೀನ ಹೌದಲ್ಲ? ನನಗ ಹೇಳ್ಯಾರ. ಆಕಿಗೆ ಬೈಬ್ಯಾಡ ಅಂತನೂ ಹೇಳ್ಯಾರ. ನಾ ಬೈಯೂದಿಲ್ಲ," ಎಂದರು. ಹೊಡೆದರು. ಕಿವಿ ಗುಂಯ್‌ಗುಟ್ಟಿತು. ವರ್ಕ್‌ಶಾಪಿನ ಸೈರನ್ ಆಯಿತೇನೋ ಅನಿಸಿತು, ಆಗಿರಲಿಲ್ಲ. ಆಮೇಲೆ ಒಳಗೆ ಕರೆದು, ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಶೇಂಗಾ ಚಟ್ನಿ ಬಡಿಸಿ, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದರು.

ಮರುದಿನವೇ ನಾನು ಸಾರ್ ಪತ್ರ ಹೋದ ವಿಳಾಸಗಳಿಗೆಲ್ಲ ಬರೆದೆ, ಸೊನ್ನೆ ನನ್ನದು ಎಂದು. ಏಪ್ರಿಲ್ ನಾಲ್ಕಕ್ಕೆ ನನ್ನ ಕೆಲಸ ಹೋಯಿತು. ಅಮ್ಮ, "ಹೋದದ್ದು ಹೋಗ್ಲಿ ಮಾರಾಯ್ತಿ, ಹೇಳಿದ್ಯಲ್ಲ," ಎಂದರು. ನಾನು ಕನ್ನಡದಲ್ಲಿ ಹೌದೆಂದೆ.

ಏಪ್ರಿಲ್ ಇಪ್ಪತ್ತೆರಡರಂದು ಬಾಂಡ್ ಕೊಂಡವರ ಪರವಾಗಿ ಹೊರದೇಶದ ಒಬ್ಬ ತಪಾಸಕಿ ಬಂದರು. ಹಸಿರೆಂದು ಹೇಳಿದ್ದನ್ನು ಸ್ವತಃ ಹೋಗಿ ನೋಡಿಬರಬೇಕು ಎಂಬುದು ಅವರ ಸಂಸ್ಥೆಯ ಪದ್ಧತಿಯಂತೆ. ನಮ್ಮ ಹದಿನಾಲ್ಕರಲ್ಲಿ ಅದು ಒಂಬತ್ತನೆಯ ಕಾಲಂ. ಸಾರ್ ಪಟ್ಟಿಯ ಪ್ರತಿ ಅವರ ಕೈಯಲ್ಲಿತ್ತು. ಮೂವತ್ತರಿಂದ ಅರವತ್ನಾಲ್ಕರವರೆಗೆ ನಾನು ಅವರ ಜೊತೆ ನಡೆದೆ. ಬಾಗಿಲು ಮುಟ್ಟಿ ಎಣಿಸಬೇಕು ಎಂದು ಹೇಳಿದೆ. ಅವರು ಮುಟ್ಟಿದರು. ಇಡ್ಲಿ ಅಕ್ಕ, ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿಳಿದವಳು, ಇವಳಿಗೂ ಲಿಫ್ಟ್ ಕೆಟ್ಟಿದೆ ಅಂತ ಹೇಳು ಎಂದಳು. ಮುಂದಿನ ದುಡ್ಡನ್ನು ತಡೆದಿದ್ದಾರೆ. ನ್ಯಾಯಾಲಯದ ತಡೆಯಾಜ್ಞೆಯೂ ಇದೆ. ಮೂವತ್ತೈದು ಬಾಗಿಲು ಇವತ್ತಿನವರೆಗೆ ನಿಂತಿವೆ.

ಹೊಡೆದವರ ಮೇಲಿನ ಪ್ರಕರಣದಲ್ಲಿ, ಗುರುತು ಸಿಗದವರು ಎಂದಿದೆ.

ಬಿದ್ದ ಇಪ್ಪತ್ತೊಂಬತ್ತು ಬಾಗಿಲಿನವರನ್ನು ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ಸೇತುವೆಯ ಕೆಳಗೆ ನಾಲ್ಕು, ನೆಂಟರ ಮನೆಗಳಲ್ಲಿ ಹನ್ನೊಂದು, ಊರ ಹೊರಗಿನ ವಸತಿಯಲ್ಲಿ ಏಳು ಕುಟುಂಬ ಸಿಕ್ಕಿವೆ. ಇಪ್ಪತ್ತೆರಡಾಯಿತು. ಉಳಿದ ಏಳು ಕುಟುಂಬ ಎಲ್ಲಿವೆಯೋ ಗೊತ್ತಿಲ್ಲ. ಬಾಗಿಲ ಸಂಖ್ಯೆ ಮೂರು, ಎಂಟು, ಒಂಬತ್ತು, ಹದಿನಾಲ್ಕು, ಹದಿನೇಳು, ಇಪ್ಪತ್ನಾಲ್ಕು, ಇಪ್ಪತ್ತೇಳು. ಹದಿನೇಳನೆಯದು ಮೊಣಕಾಲು ಸುಲಿದ ಗಂಡಸಿನ ಮನೆ. ಇಪ್ಪತ್ನಾಲ್ಕನೆಯದು ಮಂಚ ಹಿಡಿದುಕೊಂಡಿದ್ದ ಮುದುಕಿಯದು.

ಇದನ್ನು ಓದಿದವರಲ್ಲಿ ಯಾರಿಗಾದರೂ, ಚೆನ್ನೈಯಲ್ಲಾಗಲಿ ಬೇರೆ ಊರಲ್ಲಾಗಲಿ, ಈ ಏಳು ಮನೆಯವರ ಸುದ್ದಿ ಗೊತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಬರೆಯಿರಿ. ಯಂತ್ರದ ಕೀಲಿ ಎಸೆದ ಚಾಲಕನನ್ನು ಬಲ್ಲವರೂ ಬರೆಯಿರಿ. ಅಂದಾಜು ಬೇಡ, ಯಾರೋ ಹೇಳಿದ್ದು ಬೇಡ. ಕಣ್ಣಾರೆ ಕಂಡಿದ್ದರೆ ಸಾಕು. ಅಲ್ಲಿಯವರೆಗೆ ಪಟ್ಟಿಯಲ್ಲಿ ಆ ಏಳು ಚೌಕಗಳನ್ನು ಖಾಲಿ ಬಿಟ್ಟಿದ್ದೇನೆ.